ಚಿತ್ರದೊಳಗೆ ಬಾರದ ಮಳೆ

ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಕಬಿನಿ ಮತ್ತು ಕೃಷ್ಣರಾಜಸಾಗರದ ಬಾಗಿಲುಗಳು ತೆರೆದವೆಂಬ ಸುದ್ದಿ ಹಬ್ಬಿದೊಡನೆ ಶಿವನಸಮುದ್ರದತ್ತ ವಾಹನಗಳ ಸಾಲು ಹರಿಯತೊಡಗುತ್ತದೆ. ಕಾವೇರಿ ಇಲ್ಲಿ ಎರಡಾಗಿ ಸೀಳಿ, ನಡುವೆ ಒಂದು ದ್ವೀಪವನ್ನು ಉಳಿಸಿ, ಪಶ್ಚಿಮದ ಕವಲಿನಲ್ಲಿ ಗಗನಚುಕ್ಕಿಯಾಗಿಯೂ ಪೂರ್ವದ ಕವಲಿನಲ್ಲಿ ಭರಚುಕ್ಕಿಯಾಗಿಯೂ ಧುಮುಕುತ್ತಾಳೆ. ಮಧ್ಯರಂಗನ ದರ್ಶನ, ತುಂತುರು ಮಳೆ, ಜಲಪಾತದ ಮುಂದೆ ನಿಂತು ತೆಗೆಸಿಕೊಂಡ ಹತ್ತಾರು ಭಾವಚಿತ್ರ. ಸಂಜೆಗೆ ಹಲವರು ಬೆಂಗಳೂರಿಗೆ ಮರಳಿದರೆ, ಕೆಲವರು ಕೊಳ್ಳೇಗಾಲ, ಮಧುವನಹಳ್ಳಿ, ಹನೂರುಗಳನ್ನು ದಾಟಿ ಮಹದೇಶ್ವರ ಬೆಟ್ಟದ ಹಾದಿ ಹಿಡಿಯುತ್ತಾರೆ. ಚೆಲುವನ್ನು ಕಾಣುವ ಹಂಬಲ ತಪ್ಪಲ್ಲ. ಆದರೆ ಆ ಚಿತ್ರದಲ್ಲಿರುವ ನೀರು ಯಾರದು, ಆ ಒಂದು ದಿನದ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಯನ್ನು ಕೇಳುವ ಹಕ್ಕು ಈ ಸೀಮೆಯ ಹಳ್ಳಿಗಳಿಗೆ ಇದೆ.

ಮೊದಲನೆಯ ಮಾತು ಮಳೆಯದೇ. ಭರಚುಕ್ಕಿಯಲ್ಲಿ ಭೋರ್ಗರೆಯುವುದು ಕೊಳ್ಳೇಗಾಲದ ಮಳೆಯಲ್ಲ. ಅದು ಕೊಡಗಿನ ಮತ್ತು ವಯನಾಡಿನ ಬೆಟ್ಟಗಳ ಮೇಲೆ ಸುರಿದು, ಅಣೆಕಟ್ಟೆಗಳಲ್ಲಿ ತಂಗಿ ಬಂದ ನೀರು. ಭಾಗಮಂಡಲದಂಥ ಕಡೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೀರಿ ಮಳೆಯಾದರೆ, ಪಶ್ಚಿಮ ಘಟ್ಟದ ಮಳೆಯ ನೆರಳಿನಲ್ಲಿರುವ ಈ ಬಯಲಿಗೆ ಎಂಟುನೂರು ಮಿಲಿಮೀಟರಿನ ಆಸುಪಾಸು ಮಾತ್ರ. ಅದರಲ್ಲಿಯೂ ಹೆಚ್ಚಿನ ಪಾಲು ಬೀಳುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಜಲಪಾತ ತುಂಬಿ ಹರಿಯುವ ಹೊತ್ತಿಗೆ ಮಧುವನಹಳ್ಳಿಯ ಕಡೆಯ ಒಣಭೂಮಿಯ ರೈತ ರಾಗಿ ಬಿತ್ತಲು ಒಂದು ಹದಮಳೆಗಾಗಿ ಕಾದಿರುವುದುಂಟು. ಒಂದು ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. ಇಪ್ಪತ್ತೈದು ಮಿಲಿಮೀಟರಿನ ಒಂದೇ ಹದಮಳೆ ಎಕರೆಗೆ ಒಂದು ಲಕ್ಷ ಲೀಟರ್ ತಂದುಕೊಡುತ್ತದೆ. ಛಾಯಾಚಿತ್ರಕ್ಕೆ ಹಿನ್ನೆಲೆಯಾಗುವ ಜಿಟಿಜಿಟಿ ಸೋನೆಯೋ ಬೇರನ್ನೂ ಮುಟ್ಟುವುದಿಲ್ಲ. ಹಿಪ್ಪುನೇರಳೆ ಸೊಪ್ಪನ್ನು ಒದ್ದೆಮಾಡಿ, ಹುಳು ಸಾಕುವ ಮನೆಯಲ್ಲಿ ತೇವವನ್ನು ಹೆಚ್ಚಿಸಿ, ಸುಣ್ಣಕಟ್ಟು ರೋಗಕ್ಕೆ ದಾರಿ ಮಾಡುತ್ತದೆ. ಪ್ರವಾಸಿಯ ‘ಮಳೆಯ ದಿನ’ವೂ ಬೇಸಾಯಗಾರನ ಮಳೆಯ ದಿನವೂ ಒಂದೇ ಅಲ್ಲ.

ಎರಡನೆಯ ಮಾತು, ಅದೇ ನೀರು ಮೇಲ್ದಂಡೆಯ ಹಳ್ಳಿಗಳಲ್ಲಿ ಮಾಡುವ ಕೆಲಸ. 2018 ಮತ್ತು 2019ರ ಆಗಸ್ಟಿನಲ್ಲಿ ಅಣೆಕಟ್ಟೆಗಳಿಂದ ಬಿಟ್ಟ ನೀರು ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿಯಂಥ ನದಿತೀರದ ಊರುಗಳಿಗೆ ನುಗ್ಗಿತು. ಗದ್ದೆಗಳು ಮುಳುಗಿದವು, ಜನ ಪರಿಹಾರ ಕೇಂದ್ರಗಳಿಗೆ ಹೊರಟರು. ಶಿವನಸಮುದ್ರದ ಬಳಿ ಹತ್ತೊಂಬತ್ತನೆಯ ಶತಮಾನದ ಕಲ್ಲುಕಂಬಗಳ ವೆಸ್ಲಿ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಕೆಲವೇ ಕಿಲೋಮೀಟರ್ ಅಂತರದಲ್ಲಿ, ಒಂದೇ ಹೊಳೆ, ಒಂದೇ ವಾರ. ಒಂದು ಕಡೆ ಮನೆ ಬಿಟ್ಟು ಹೊರಟವರು, ಇನ್ನೊಂದು ಕಡೆ ನೀರು ಇನ್ನೂ ಏರಲೆಂದು ಹಾರೈಸುವವರು. ಪ್ರವಾಹ ಮಿತಿಮೀರಿದಾಗ ಹರಿಗೋಲುಗಳೂ ನಿಲ್ಲುತ್ತವೆ. ಹೀಗಾಗಿ ಜನ ಕಿಕ್ಕಿರಿಯುವ ಕಾಲದಲ್ಲಿಯೇ ಹರಿಗೋಲು ನಡೆಸುವವನ ಕೈ ಬರಿದು.

ಈ ದ್ವೀಪದಿಂದ ಹೊರಗೆ ಒಯ್ಯುವುದು ಹೊಸದೇನಲ್ಲ. ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾದ ಜಲವಿದ್ಯುತ್ ಕೇಂದ್ರ 1902ರಲ್ಲಿ ಆರಂಭವಾದಾಗ ಅದರ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. 1974ರಿಂದ ಇದೇ ನೆರೆಯ ನೀರು ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಏರುತ್ತಿದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದೇ ದಿನಕ್ಕೆ 775 ದಶಲಕ್ಷ ಲೀಟರಿನದು. ಗಣಿಗೂ ಬೆಳಕು ಬೇಕಿತ್ತು, ನಗರಕ್ಕೂ ಕುಡಿಯುವ ನೀರು ಬೇಕು. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ವಿದ್ಯುತ್ತು ಹೋಯಿತು, ನೀರು ಹೋಗುತ್ತಿದೆ, ಈಗ ಚಿತ್ರವೂ ಹೋಗುತ್ತಿದೆ. ಮೂರಕ್ಕೂ ಬದಲಾಗಿ ಉಳಿಯುವುದು ಬಂಡೆಗಳ ಸಂದಿಯ ಖಾಲಿ ಬಾಟಲಿಯಾದರೆ ಅದನ್ನು ಅಭಿವೃದ್ಧಿಯೆಂದು ಕರೆಯುವುದು ಹೇಗೆ?

ಮುಂಗಾರು ಕೈಕೊಟ್ಟ 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮರುವರ್ಷ ಹೊಳೆ ತುಂಬಿತು. 2024ರ ಸೆಪ್ಟೆಂಬರಿನಲ್ಲಿ ಗಗನಚುಕ್ಕಿಯಲ್ಲಿ ಜಲಪಾತೋತ್ಸವ ನಡೆಯಿತು. ಇಂಥ ಉತ್ಸವಗಳಲ್ಲಿ ರಾತ್ರಿಯ ನೀರಿಗೆ ಬಣ್ಣದ ಬೆಳಕು ಹಾಯಿಸುವುದು ವಾಡಿಕೆಯಾಗಿದೆ. ಇರುಳು ಕತ್ತಲಾಗಿರಬೇಕೆಂಬುದು ನೀರುನಾಯಿಗೂ ಬಾವಲಿಗೂ ಬದುಕಿನ ನಿಯಮ. ಇದೇ ಕಾವೇರಿಯ ಕೊಳ್ಳದಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಡುಬ್ಬದ ಮಹಸೀರ್ ಮೀನನ್ನು 2018ರಲ್ಲಿ ಅಳಿವಿನಂಚಿನ ಅತ್ಯಂತ ಗಂಡಾಂತರದ ವರ್ಗಕ್ಕೆ ಸೇರಿಸಲಾಯಿತು. ಅಂಥ ಹೊಳೆಯ ಮೇಲೆ ಬಣ್ಣ ಹರಿಸುವ ಮುನ್ನ ಯಾರನ್ನು ಕೇಳಬೇಕೆಂಬ ವಿವೇಕವಾದರೂ ಬೇಡವೇ?

ಪ್ರವಾಸೋದ್ಯಮ ಉದ್ಯೋಗ ಕೊಡುತ್ತದೆ ಎಂಬುದು ಸಿದ್ಧ ಉತ್ತರ. ಜೋಳದ ತೆನೆ ಸುಡುವ, ಕಡಲೆಕಾಯಿ ಮಾರುವ ಬಡ ಹೆಂಗಸರಿಗೆ ವರ್ಷದ ಕೆಲವು ವಾರಗಳಲ್ಲಿ ನಾಲ್ಕು ಕಾಸು ಸಿಗುವುದು ನಿಜ. ಅದು ಅವರಿಗೆ ದಕ್ಕಲೇಬೇಕು. ಆದರೆ ವಾಹನದ ಇಂಧನ, ತಂಗುವ ಕೋಣೆ, ಪೊಟ್ಟಣದ ತಿಂಡಿ, ಬಾಟಲಿಯ ನೀರು, ಇವುಗಳ ಹಣ ಸೇರುವುದು ಬೇರೆಡೆಗೆ. ಕಸ ಗುಡಿಸುವ ಹೊಣೆ ಮಾತ್ರ ಊರಿನದು. ವೆಚ್ಚವನ್ನು ಊರಿನ ಮೇಲೆ ಹೇರಿ ಲಾಭವನ್ನು ಹೊರಗೆ ಸಾಗಿಸುವ ಉದ್ಯಮಕ್ಕೆ ಉದ್ಯೋಗದ ಹೆಸರು ರಕ್ಷೆಯಾಗಬಾರದು.

ಆದ್ದರಿಂದ ಪ್ರವಾಸ ನಿಲ್ಲಲಿ ಎಂಬುದು ಬೇಡಿಕೆಯಲ್ಲ. ಅದು ಊರಿನ ನಿಯಮಕ್ಕೆ ಒಳಪಡಲಿ ಎಂಬುದು ಬೇಡಿಕೆ. ದ್ವೀಪದೊಳಗೆ ಒಂದು ದಿನಕ್ಕೆ ಎಷ್ಟು ವಾಹನ ಎಂಬ ಮಿತಿ ಗೊತ್ತಾಗಬೇಕು. ಉಳಿದವು ಸೇತುವೆಯ ಈಚೆ ನಿಲ್ಲಬೇಕು. 2016ರಲ್ಲಿಯೇ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧ ಇಲ್ಲಿಯಾದರೂ ಜಾರಿಗೆ ಬರಬೇಕು. ಸಂಗ್ರಹವಾದ ಶುಲ್ಕದ ಲೆಕ್ಕ ಗ್ರಾಮಸಭೆಯ ಮುಂದೆ ಬಂದು, ಅದರಲ್ಲೊಂದು ಪಾಲು ನದಿತೀರದ ಮತ್ತು ಕಾಡಂಚಿನ ಪಂಚಾಯಿತಿಗಳಿಗೆ ಸಲ್ಲಬೇಕು. ಜಲಪಾತಕ್ಕೆ ರಾತ್ರಿಯ ಬಣ್ಣದ ದೀಪ ನಿಲ್ಲಬೇಕು. ವೀಕ್ಷಣೆಯ ಕಟ್ಟೆಯ ಮೇಲೆ ಆ ದಿನ ಅಣೆಕಟ್ಟೆಗಳಿಂದ ಬಿಟ್ಟ ನೀರಿನ ಪ್ರಮಾಣ, ಕೊಳ್ಳೇಗಾಲದಲ್ಲಿ ಆ ದಿನ ಬಿದ್ದ ಮಳೆ, ನೆರೆಗೆ ಸಿಕ್ಕ ಊರುಗಳ ಹೆಸರು, ಈ ಮೂರನ್ನೂ ಬರೆದ ಹಲಗೆ ಇರಬೇಕು. ಚಿತ್ರ ತೆಗೆಯುವವರು ಅದನ್ನೂ ತೆಗೆಯಲಿ.

1993ರ ಪಂಚಾಯತ್ ರಾಜ್ ಕಾಯಿದೆ ಗ್ರಾಮಸಭೆಗೆ ಮಾತಾಡುವ ಅಧಿಕಾರ ಕೊಟ್ಟಿದೆ. ಸತ್ತೇಗಾಲದಿಂದ ಮಧುವನಹಳ್ಳಿಯವರೆಗಿನ ಸಭೆಗಳು ಮುಂದಿನ ಮುಂಗಾರಿನ ಮುನ್ನ ಈ ಬೇಡಿಕೆಗಳನ್ನು ನಿರ್ಣಯಗಳಾಗಿ ಬರೆದು ಜಿಲ್ಲಾಡಳಿತಕ್ಕೆ ಕಳಿಸಲಿ. ಶಾಲೆ–ಕಾಲೇಜುಗಳ ವಿದ್ಯಾರ್ಥಿಗಳು ಅಂಗಳದಲ್ಲೊಂದು ಮಳೆಮಾಪಕ ನೆಟ್ಟು ದಿನದಿನದ ಅಂಕಿ ಬರೆದಿಡಲಿ. ಊರಿಗೆ ಬಿದ್ದ ಮಳೆಯ ಲೆಕ್ಕ ಊರಿನವರ ಕೈಯಲ್ಲಿದ್ದರೆ, ತುಂಬಿದ ಜಲಪಾತದ ಚಿತ್ರವನ್ನು ತೋರಿಸಿ ಇಲ್ಲಿ ನೀರಿಗೇನು ಕೊರತೆ ಎನ್ನುವವರಿಗೆ ಉತ್ತರ ಸಿದ್ಧವಿರುತ್ತದೆ.