ಗಂಡಸಿನ ಕಾಲಿಗೆ ಎತ್ತರದ ಹಿಮ್ಮಡಿ: ನಾವೇಕೆ ನಗುತ್ತೇವೆ?

ವರದಕ್ಷಿಣೆ ಸಾವುಗಳ ಬಗ್ಗೆ, ಮುಚ್ಚಿದ ಬಾಗಿಲ ಹಿಂದಿನ ಹೊಡೆತಗಳ ಬಗ್ಗೆ ಬರೆಯುವ ಈ ಪುಟಗಳಲ್ಲಿ, ಹೈಹೀಲ್ಡ್ ಚಪ್ಪಲಿ ಮೆಟ್ಟಿ ಸಂತೋಷಪಡುವ ಗಂಡಸರ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಹೊಟ್ಟೆ ತುಂಬಿದವರ ಶೋಕಿ, ಅದರಿಂದ ನಮಗೇನಾಗಬೇಕು ಎಂದು ಕೇಳುವವರೂ ಇದ್ದಾರೆ. ಆದರೆ ಅಂಥ ಗಂಡಸಿನ ಸುದ್ದಿ ಬಂದ ಕೂಡಲೇ ನಮ್ಮ ನಡುವೆ ಒಂದು ನಗು ಏಳುತ್ತದಲ್ಲ, ಆ ನಗು ಎಲ್ಲಿಂದ ಬಂತು ಎಂದು ಕೇಳಿಕೊಂಡರೆ ವಿಷಯ ಅಷ್ಟು ದೂರದ್ದಲ್ಲ ಎಂದು ತಿಳಿಯುತ್ತದೆ.

ಇಂಥವರು ಯಾರು? ಜರ್ಮನಿಯಲ್ಲಿ ನೆಲೆಸಿರುವ ಅಮೆರಿಕದ ರೋಬಾಟ್ ಎಂಜಿನಿಯರ್ ಮಾರ್ಕ್ ಬ್ರಯನ್ ಬಗ್ಗೆ 2020ರ ಸುಮಾರಿಗೆ ಅನೇಕ ಪತ್ರಿಕೆಗಳು ಬರೆದವು. ಮದುವೆಯಾದವರು, ಮಕ್ಕಳ ತಂದೆ. ಮೇಲೆ ಅಂಗಿ, ಟೈ, ಕೆಳಗೆ ಸ್ಕರ್ಟು, ಎತ್ತರದ ಹಿಮ್ಮಡಿಯ ಶೂ ತೊಟ್ಟು ಕೆಲಸಕ್ಕೆ ಹೋಗುತ್ತಾರೆ. ತಾನು ಹೆಣ್ಣಾಗಬೇಕೆಂದು ಅವರು ಹೇಳುತ್ತಿಲ್ಲ. ಆ ಶೂ ಅವರಿಗೆ ಇಷ್ಟ, ಅಷ್ಟೆ. ಇಂಥ ಗಂಡಸರಲ್ಲಿ ಹೆಂಡತಿಯನ್ನು ಪ್ರೀತಿಸುವವರಿದ್ದಾರೆ, ಗಂಡಸರನ್ನು ಪ್ರೀತಿಸುವವರಿದ್ದಾರೆ, ತಮ್ಮನ್ನು ಹೆಣ್ಣೆಂದೇ ಅರಿತವರೂ ಇದ್ದಾರೆ. ಯಾರು ಏನು ತೊಡುತ್ತಾರೆ, ಯಾರನ್ನು ಪ್ರೀತಿಸುತ್ತಾರೆ, ತಮ್ಮನ್ನು ಏನೆಂದು ಅರಿತಿದ್ದಾರೆ ಎಂಬ ಮೂರೂ ಬೇರೆ ಬೇರೆ ಪ್ರಶ್ನೆಗಳು. ನಮ್ಮ ನಗು ಮಾತ್ರ ಮೂರನ್ನೂ ಒಂದೇ ಮೂಟೆಗೆ ಕಟ್ಟುತ್ತದೆ.

ಚರಿತ್ರೆಯನ್ನು ನೋಡಿದರೆ ಎತ್ತರದ ಹಿಮ್ಮಡಿ ಮೊದಲು ಗಂಡಸಿನ ಸೊತ್ತೇ ಆಗಿತ್ತು. ಪರ್ಷಿಯಾದ ಕುದುರೆ ಸವಾರರಿಗೆ ರಿಕಾಪಿನಲ್ಲಿ ಕಾಲು ಊರಿ ನಿಂತು ಬಾಣ ಬಿಡಲು ಹಿಮ್ಮಡಿ ನೆರವಾಗುತ್ತಿತ್ತು. ಷಾ ಅಬ್ಬಾಸ್ 1599ರಲ್ಲಿ ಯುರೋಪಿನ ಆಸ್ಥಾನಗಳಿಗೆ ರಾಯಭಾರಿಗಳನ್ನು ಕಳಿಸಿದ. ಅದೇ ಕಾಲದಲ್ಲಿ ಅಲ್ಲಿನ ಶ್ರೀಮಂತ ಗಂಡಸರು ಈ ಹಿಮ್ಮಡಿಯನ್ನು ಪೌರುಷದ ಗುರುತಾಗಿ ತೊಟ್ಟರು. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ 1701ರ ಪ್ರಸಿದ್ಧ ಚಿತ್ರ ಇಂದಿಗೂ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಬಿಳಿ ಕಾಲುಚೀಲ, ಕೆಂಪು ಹಿಮ್ಮಡಿಯ ಶೂ, ಮುಂದಕ್ಕೆ ಚಾಚಿದ ಕಾಲು. ಅದನ್ನು ನೋಡಿ ಅಂದು ಯಾರೂ ನಗಲಿಲ್ಲ. ಹೆಂಗಸರೇ ಗಂಡಸರ ಫ್ಯಾಷನ್ ಎಂದು ಅದನ್ನು ತೆಗೆದುಕೊಂಡರು. ಹದಿನೆಂಟನೇ ಶತಮಾನದಲ್ಲಿ ಗಂಡು ವಿವೇಕಿ, ಹೆಣ್ಣು ಚಪಲೆ ಎಂಬ ಗೆರೆಯನ್ನು ಗಟ್ಟಿಯಾಗಿ ಎಳೆದಾಗ ಗಂಡಸರು ಹಿಮ್ಮಡಿಯನ್ನು ಕೈಬಿಟ್ಟರು, ಅದು ಹೆಣ್ಣಿನ ಲಕ್ಷಣವಾಯಿತು. ಲಕ್ಷಣಗಳು ಹುಟ್ಟಿನಿಂದ ಬರುವುದಿಲ್ಲ, ಸಮಾಜ ಹಂಚಿಕೊಡುತ್ತದೆ ಎಂದು ಸ್ತ್ರೀವಾದ ಹೇಳುತ್ತ ಬಂದದ್ದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕೆ?

ಇಷ್ಟಪಟ್ಟರೆ ಸಾಲದು, ಕೊಳ್ಳಬೇಕಲ್ಲ! ಹೆಂಗಸರ ಅಂಗಡಿಯಲ್ಲಿ ಗಂಡಸಿನ ಪಾದದ ಅಳತೆ ಸಿಗುವುದು ಅಪರೂಪ. ಸಿಕ್ಕಿದರೂ ಅಂಗಡಿಯವನೆದುರು ಮೆಟ್ಟಿ ನೋಡಲು ನಾಚಿಕೆ. ಹೆಂಡತಿಗೆಂದು ಸುಳ್ಳು ಹೇಳಿ ಒಯ್ಯಬೇಕು. ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆ ಗಂಡಸರ ಗಟ್ಟಿಮುಟ್ಟು ಶೂಗಳಿಗೆ ಹೆಸರಾದದ್ದು. ಅಲ್ಲಿನ ಅರ್ಲ್ಸ್ ಬಾರ್ಟನ್ ಹಳ್ಳಿಯಲ್ಲಿ ಸ್ಟೀವ್ ಪೇಟ್‌ಮನ್ ಎಂಬುವರ ಮನೆತನದ ಕಾರ್ಖಾನೆ 1990ರ ದಶಕದಲ್ಲಿ ನಷ್ಟಕ್ಕಿಳಿಯಿತು. ಗಂಡಸರ ಅಳತೆಗೆ ಹೆಂಗಸರ ಶೂ ಮಾಡಿಕೊಡುವಿರಾ ಎಂದು ಅಂಗಡಿ ನಡೆಸುವ ಒಬ್ಬ ಮಹಿಳೆ ಕೇಳಿದರು. ಕೆಲಸಗಾರರ ಅನ್ನ ಉಳಿಯಲೆಂದು ಪೇಟ್‌ಮನ್ ಒಪ್ಪಿದರು. ಮಾದರಿ ಪಟ್ಟಿಯ ಫೋಟೋಗೆ ತಾವೇ ಕಾಲಿನ ಕೂದಲು ಬೋಳಿಸಿ ನಿಂತರು. 1999ರಲ್ಲಿ ಬಿಬಿಸಿ ಇದನ್ನು ಸಾಕ್ಷ್ಯಚಿತ್ರದಲ್ಲಿ ತೋರಿಸಿತು. 2005ರಲ್ಲಿ 'ಕಿಂಕಿ ಬೂಟ್ಸ್' ಎಂಬ ಚಲನಚಿತ್ರವಾಯಿತು. ಅದೇ ಹೆಸರಿನ ಸಂಗೀತ ನಾಟಕಕ್ಕೆ 2013ರಲ್ಲಿ ಟೋನಿ ಪ್ರಶಸ್ತಿ ಬಂತು. ಕಾರ್ಖಾನೆ ಕೊನೆಗೆ ಉಳಿಯಲಿಲ್ಲ. ಆದರೆ ಗುಟ್ಟಾಗಿ ಕೊಳ್ಳುವ ಗಂಡಸರು ಇದ್ದಾರೆಂಬುದನ್ನು ಅದು ಜಗತ್ತಿಗೆ ತಿಳಿಸಿತು.

ಈಗ ನಮ್ಮ ನಗುವಿಗೆ ಬರೋಣ. ಹೆಣ್ಣೊಬ್ಬಳು ಪ್ಯಾಂಟು ತೊಟ್ಟರೆ, ಮೋಟಾರ್ ಸೈಕಲ್ ಓಡಿಸಿದರೆ ಗಂಡುಬೀರಿ ಎಂದು ಬೈಯುವವರು ಇದ್ದರೂ, ಧೈರ್ಯಸ್ಥೆ ಎಂದು ಮೆಚ್ಚುವವರೂ ಇದ್ದಾರೆ. ಗಂಡು ಹೆಣ್ಣಿನ ವಸ್ತುವನ್ನು ಮುಟ್ಟಿದರೆ ಮೆಚ್ಚುವವರೇ ಇಲ್ಲ. ಏಕೆಂದರೆ ಅವಳು ಮೇಲೇರಿದಳು, ಇವನು ಕೆಳಗಿಳಿದ ಎಂಬುದು ನಮ್ಮ ಲೆಕ್ಕ. 'ನಾವೇನು ಕೈಗೆ ಬಳೆ ತೊಟ್ಟಿಲ್ಲ' ಎಂದು ವೇದಿಕೆಯ ಮೇಲೆ ಗುಡುಗುವವರು ಮಾಡುವ ಲೆಕ್ಕವೂ ಇದೇ. ಇನ್ನೂ ನೋವಿನ ಸಂಗತಿಯೆಂದರೆ, ಕೆಲಸ ಮಾಡದ ಅಧಿಕಾರಿಗೆ ಬಳೆ, ಸೀರೆ ಒಯ್ದು ಕೊಡುವ ಪ್ರತಿಭಟನೆಗಳಲ್ಲಿ ಹೆಂಗಸರೇ ಮುಂದಿರುತ್ತಾರೆ. ನಮ್ಮ ಕೈಯ ಬಳೆಯನ್ನು ನಾವೇ ಬೈಗುಳ ಮಾಡಿಕೊಟ್ಟ ಮೇಲೆ, ಆ ಕೈಗೆ ಬೆಲೆ ಕೊಡು ಎಂದು ಯಾರನ್ನು ಕೇಳುವುದು? ಯಕ್ಷಗಾನದ ಸ್ತ್ರೀವೇಷಕ್ಕೆ, ಕಂಪನಿ ನಾಟಕದ ಸ್ತ್ರೀಪಾತ್ರಕ್ಕೆ ತಲೆದೂಗಿದ ನಾಡು ನಮ್ಮದು. ಆದರೆ ನಾನು ಪಾಠ ಹೇಳಿದ ವರ್ಷಗಳಲ್ಲಿ ಕಂಡದ್ದೆಂದರೆ, ವಾರ್ಷಿಕೋತ್ಸವದಲ್ಲಿ ಹೆಣ್ಣಿನ ಪಾತ್ರ ಮಾಡಿ ಚಪ್ಪಾಳೆ ಗಿಟ್ಟಿಸಿದ ಹುಡುಗನನ್ನು ಮರುದಿನದಿಂದಲೇ ಅಡ್ಡಹೆಸರಿಟ್ಟು ಕಾಡುತ್ತಿದ್ದರು. ಅಂಥ ಅಣಕಕ್ಕೆ ಹೆದರಿದ ಹುಡುಗರು ತಾವು ಗಂಡಸರೆಂದು ತೋರಿಸಲು ಹೊರಡುತ್ತಾರೆ. ಹಾಗೆ ತೋರಿಸಲು ಅವರಿಗೆ ಕೈಗೆಟುಕುವ ಜಾಗ ಯಾವುದೆಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿ ಗೆಳತಿಯರು ಎತ್ತುವ ಒಂದು ಆಕ್ಷೇಪವಿದೆ. ಹೈಹೀಲ್ಸ್ ಹೆಣ್ಣಿನ ಕಾಲಿನ ಸಂಕೋಲೆಯಲ್ಲವೆ, ಮಂಡಿ, ಬೆರಳು, ಮೀನಖಂಡಗಳನ್ನು ಹಾಳುಮಾಡುವುದಲ್ಲವೆ, ಗಂಡಸು ಅದನ್ನು ತೊಟ್ಟರೆ ನಮಗೇನು ಲಾಭ ಎಂದು. ನಿಜ. 2015ರಲ್ಲಿ ಲಂಡನ್ನಿನ ಕಚೇರಿಯೊಂದರ ಸ್ವಾಗತಕಾರಿಣಿ ನಿಕೋಲಾ ಥಾರ್ಪ್ ಚಪ್ಪಟೆ ಶೂ ತೊಟ್ಟು ಬಂದರೆಂದು ಸಂಬಳವಿಲ್ಲದೆ ಮನೆಗೆ ಕಳಿಸಲಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿ, 2017ರಲ್ಲಿ ಸಂಸತ್ತಿನಲ್ಲಿ ಚರ್ಚೆಯಾದರೂ ಸರ್ಕಾರ ಹೊಸ ಕಾನೂನು ತರಲಿಲ್ಲ. 2019ರಲ್ಲಿ ಜಪಾನಿನಲ್ಲಿ ಯುಮಿ ಇಶಿಕಾವಾ ಇದೇ ಕಡ್ಡಾಯದ ವಿರುದ್ಧ 'ಕುಟೂ' ಚಳವಳಿ ಹೂಡಿದರು. ಆದರೆ ಈ ಹೆಂಗಸರ ಜಗಳ ಹಿಮ್ಮಡಿಯ ಜೊತೆ ಅಲ್ಲ, ಅಪ್ಪಣೆಯ ಜೊತೆ. ಒಬ್ಬನು ಸಂಜೆ ಇಷ್ಟಪಟ್ಟು ಮೆಟ್ಟಿ ನೋವಾದಾಗ ಕಳಚಿಡಬಲ್ಲ. ಒಬ್ಬಳು ಎಂಟು ಗಂಟೆ ನಿಂತೇ ಇರಬೇಕು, ಕಳಚಿದರೆ ಕೆಲಸ ಹೋಗುತ್ತದೆ. ಯಾರು ತೊಟ್ಟರು ಎನ್ನುವುದಕ್ಕಿಂತ, ಕಳಚುವ ಸ್ವಾತಂತ್ರ್ಯ ಯಾರಿಗಿದೆ ಎನ್ನುವುದೇ ನಾವು ಕೇಳಬೇಕಾದ ಪ್ರಶ್ನೆ.

2001ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಬೇರ್ಡ್ ಎಂಬುವರು ಅತ್ಯಾಚಾರದ ವಿರುದ್ಧ ಗಂಡಸರ ನಡಿಗೆಯೊಂದನ್ನು ಆರಂಭಿಸಿದರು. ಹೆಂಗಸರ ಎತ್ತರದ ಹಿಮ್ಮಡಿ ಮೆಟ್ಟಿ ಒಂದು ಮೈಲಿ ನಡೆಯುವುದು. ಅದು ಅನೇಕ ಊರುಗಳಿಗೆ ಹಬ್ಬಿತು. ಉದ್ದೇಶ ಒಳ್ಳೆಯದು. ಆದರೆ ಗಂಡಸರು ಎಡವುತ್ತ ನಗುತ್ತ ಸಾಗುವಾಗ ಅದು ಹೆಣ್ಣಿನ ಅನುಭವದ ಪಾಠವೋ, ಹೆಣ್ಣಿನ ಅಣಕವೋ ಎಂಬ ಸಂಶಯ ನನಗಿದೆ. ನೋಡುವವರ ನಗುವಿಗಾಗಿ ವರ್ಷಕ್ಕೊಮ್ಮೆ ತೊಡುವವನಿಗಿಂತ, ನಗುವಿಗೆ ಅಂಜದೆ ದಿನವೂ ತೊಡುವವನಿಂದ ಗಂಡಸುತನದ ಗೋಡೆಗೆ ಹೆಚ್ಚು ಬಿರುಕು ಬೀಳುತ್ತದೆ.

ಹಾಗೆಂದು ಅವನನ್ನು ಹೊತ್ತು ಮೆರೆಸಬೇಕಿಲ್ಲ. ಚಪ್ಪಲಿ ಬದಲಾದ ಮಾತ್ರಕ್ಕೆ ಹೊಡೆಯುವ ಕೈ ಬದಲಾಗುವುದಿಲ್ಲ. ಹೆಂಡತಿಯ ಸಂಬಳ ಕಿತ್ತುಕೊಂಡು ತನ್ನ ಶೋಕಿಗೆ ಸುರಿದರೆ ಅದು 2005ರ ಕೌಟುಂಬಿಕ ಹಿಂಸೆ ಕಾಯಿದೆ ಹೇಳುವ ಆರ್ಥಿಕ ಹಿಂಸೆಯೇ. ಆ ದುಡ್ಡು ಸಾರಾಯಿಗೆ ಹೋದರೂ ಅಷ್ಟೆ, ಹೈಹೀಲ್ಸಿಗೆ ಹೋದರೂ ಅಷ್ಟೆ. ಆದರೆ ಯಾರಿಗೂ ಕೇಡು ಮಾಡದ ಇಷ್ಟವನ್ನು ರೋಗವೆಂದು ಕರೆದರೆ ಅದರ ಬೆಲೆ ತೆರುವವರು ಯಾರು? ಮಗನ ಕಪಾಟಿನಲ್ಲಿ ಹೆಣ್ಣಿನ ಚಪ್ಪಲಿ ಕಂಡೊಡನೆ, 'ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ' ಎನ್ನುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಬರುವ ಹುಡುಗಿಗೆ ಏನೂ ಹೇಳುವುದಿಲ್ಲ. ವರದಕ್ಷಿಣೆ ಮಾತ್ರ ಪೂರ್ತಿ ಎಣಿಸಿಕೊಳ್ಳುತ್ತಾರೆ. ಅವನು ಬಚ್ಚಿಡುತ್ತ ಕುಗ್ಗುತ್ತಾನೆ. ಗುಟ್ಟು ಹೊರಬಿದ್ದ ದಿನ, ಗಂಡನನ್ನು ಗಂಡಸಾಗಿಸಲು ಬಾರದವಳೆಂಬ ದೂಷಣೆ ಅವಳ ತಲೆಗೆ ಬರುತ್ತದೆ. ಹೆಣ್ಣನ್ನು ಮದ್ದಿನಂತೆ ಬಳಸುವ ಈ ಮೋಸವನ್ನು ನಮ್ಮ ಸಂಘಟನೆಗಳು ಗಟ್ಟಿಯಾಗಿ ಪ್ರಶ್ನಿಸಬೇಕು. ಮದುವೆಗೆ ಮೊದಲೇ ಅವನು ಅವಳಿಗೆ ನಾಚಿಕೆಯಿಲ್ಲದೆ ಹೇಳಬಲ್ಲವನಾಗಿರಬೇಕು. ಒಲ್ಲೆ ಎನ್ನುವ ಹಕ್ಕು ಅವಳಿಗಿರಬೇಕು, ಹೂಂ ಎನ್ನುವ ಹಕ್ಕೂ ಇರಬೇಕು. ಅವನಿಗೆ ಆ ಧೈರ್ಯ ಬರಬೇಕಾದರೆ ಮೊದಲು ನಾವು ನಗುವುದನ್ನು ಬಿಡಬೇಕು.