ಕತ್ತಲೆಯ ಮನೆಯೂ ಕಂಬದ ಮೇಲಿನ ಮನುಷ್ಯನೂ

ಮಲೆನಾಡಿನ ಹಳ್ಳಿಗಳಲ್ಲಿ ಮಳೆಗಾಲ ಕಾಲಿಟ್ಟಿತೆಂದರೆ ವಿದ್ಯುದ್ದೀಪವು ಅತಿಥಿಯಂತೆ ಬಂದುಹೋಗತೊಡಗುವುದು ಹೊಸ ಸಂಗತಿಯೇನೂ ಅಲ್ಲ. ಗಾಳಿಗೆ ಮರವೊಂದು ಮುರಿದು ತಂತಿಯ ಮೇಲೆ ಬಿದ್ದರೆ ಸಾಕು, ಐದಾರು ಹಳ್ಳಿಗಳು ಒಮ್ಮೆಲೇ ಕತ್ತಲಾಗುತ್ತವೆ. ನಮ್ಮ ಊರು ಹೊಸನಗರ ತಾಲ್ಲೂಕಿನಲ್ಲಿದೆ. ಜೋಗದ ವಿದ್ಯುದಾಗಾರವು 1948ರಲ್ಲೇ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಶರಾವತಿಯ ನೀರು ದೂರದ ಪಟ್ಟಣಗಳಿಗೆ ಬೆಳಕನ್ನು ಕಳುಹಿಸಿತು. ಆ ನೀರಿಗೆ ಹೊಲಮನೆಗಳನ್ನು ಬಿಟ್ಟುಕೊಟ್ಟವರ ನೆರೆಹೊರೆಯವರಾದ ನಾವು ಇಂದಿಗೂ ಆಷಾಢದ ಸಂಜೆ ಮೋಂಬತ್ತಿ ಹುಡುಕುತ್ತೇವೆ. ಇರಲಿ. ನಾನು ಬರೆಯಹೊರಟಿರುವುದು ಕತ್ತಲೆಯ ವಿಷಯವನ್ನಲ್ಲ. ಆ ಕತ್ತಲೆಯನ್ನು ಕಳೆಯಲು ನಾವು ಹೂಡುವ ಉಪಾಯಗಳಲ್ಲಿ ಒಂದರ ವಿಷಯವನ್ನು.

ಕಳೆದ ವರ್ಷ ಆಷಾಢದಲ್ಲಿ ನಾಲ್ಕು ದಿನ ನಮ್ಮೂರಿಗೆ ಕರೆಂಟು ಇರಲಿಲ್ಲ. ಮೂರನೆಯ ದಿನದ ಹೊತ್ತಿಗೆ ಇನ್ವರ್ಟರಿನ ಬ್ಯಾಟರಿ ಬರಿದಾಗಿತ್ತು, ನೀರಿನ ಟ್ಯಾಂಕು ಒಣಗಿತ್ತು. ಅಣ್ಣಯ್ಯ ಪೇಟೆಗೆ ಹೋಗಿ ಸಣ್ಣದೊಂದು ಜನರೇಟರನ್ನು ಬಾಡಿಗೆಗೆ ತಂದ. ಎರಡು ತುದಿಗೂ ಪ್ಲಗ್ಗು ಕಟ್ಟಿದ ಒಂದು ವೈರಿನ ಒಂದು ಕೊನೆಯನ್ನು ಅದಕ್ಕೂ ಇನ್ನೊಂದನ್ನು ಪಡಸಾಲೆಯ ಗೋಡೆಯ ಸಾಕೆಟ್ಟಿಗೂ ಸಿಕ್ಕಿಸಿ, ಯಂತ್ರವನ್ನು ಚಾಲೂ ಮಾಡಿದ. ಮನೆಯ ದೀಪಗಳೆಲ್ಲ ಹೊತ್ತಿಕೊಂಡವು. ಮರುಕ್ಷಣವೇ ತೋಟದಾಚೆಯ ಮನೆಯಿಂದ ಸಂತೋಷದ ಕೂಗೊಂದು ಕೇಳಿಸಿತು: “ಕರೆಂಟು ಬಂತು ಮಾರಾಯ್ರೇ!” ಅವರ ಕೊಟ್ಟಿಗೆಯ ದೀಪವೂ ಹೊತ್ತಿಕೊಂಡಿತ್ತು.

ಅಣ್ಣಯ್ಯ ನಕ್ಕ. ನಾನು ಓಡಿಹೋಗಿ ಜನರೇಟರನ್ನು ನಿಲ್ಲಿಸಿದೆ. ಪ್ಲಗ್ಗನ್ನು ಕೀಳುವ ಧೈರ್ಯ ಮಾಡಲಿಲ್ಲ. ಕಿತ್ತಿದ್ದರೆ ಅದರ ಬತ್ತಲೆ ಪಿನ್ನುಗಳ ನಡುವೆ 230 ವೋಲ್ಟು ನಿಂತಿರುತ್ತಿತ್ತು. ಆದರೆ ನನ್ನ ಗಾಬರಿಗೆ ಕಾರಣ ಅದಲ್ಲ. ಬೆಳಗಿನಿಂದಲೂ ಇಬ್ಬರು ಲೈನ್‌ಮನ್ನರು ಊರಾಚೆಯ ಗುಡ್ಡದಲ್ಲಿ, ಸುರಿಯುವ ಮಳೆಯಲ್ಲಿ, ಕಂಬ ಹತ್ತಿ ಕೆಲಸ ಮಾಡುತ್ತಿದ್ದರು.

ನೆರೆಮನೆಯ ದೀಪ ಹೊತ್ತಿದ್ದು ಹೇಗೆ? ನಮ್ಮ ಮನೆಯ ಮೇನ್ ಸ್ವಿಚ್ಚು ಹಾಕಿದ್ದಂತೆಯೇ ಇತ್ತು. ಗೋಡೆಯ ಸಾಕೆಟ್ಟಿನಿಂದ ಒಳಹೊಕ್ಕ ವಿದ್ಯುತ್ತು ಮನೆಯ ವೈರುಗಳಲ್ಲಿ ಹರಿದು, ಮೀಟರನ್ನು ದಾಟಿ, ಬೀದಿಯ ತಂತಿಯನ್ನು ಸೇರಿತ್ತು. ಬೀದಿಯ ತಂತಿಯ ಇನ್ನೊಂದು ತುದಿ ಎಲ್ಲಿದೆ? ಊರ ಮುಂದಿನ ಟಿ.ಸಿ.ಯಲ್ಲಿ, ಅಂದರೆ ಪರಿವರ್ತಕದಲ್ಲಿ.

ಈ ಪರಿವರ್ತಕದ ಪಾಠವನ್ನು ನಾನು ಪ್ರತಿ ವರ್ಷವೂ ಹೇಳುತ್ತೇನೆ. ಕಬ್ಬಿಣದ ತಿರುಳು, ಅದರ ಮೇಲೆ ಎರಡು ಸುರುಳಿಗಳು. ಒಂದು ಪ್ರಾಥಮಿಕ, ಮತ್ತೊಂದು ದ್ವಿತೀಯಕ. ಹೀಗೆ ಹೆಸರಿಟ್ಟವರು ನಾವು. ಕಬ್ಬಿಣಕ್ಕೆ ಆ ಭೇದ ತಿಳಿಯದು. 1831ರಲ್ಲಿ ಫ್ಯಾರಡೆಯು ಕಬ್ಬಿಣದ ಬಳೆಯೊಂದರ ಎರಡು ಪಕ್ಕಗಳಲ್ಲಿ ತಂತಿಯನ್ನು ಸುತ್ತಿ ವಿದ್ಯುತ್ಪ್ರೇರಣೆಯನ್ನು ಕಂಡನಷ್ಟೆ? ಆ ಬಳೆಯಲ್ಲಿ ಯಾವ ಸುರುಳಿಗೆ ವಿದ್ಯುತ್ಕೋಶವನ್ನು ಜೋಡಿಸಿದರೂ ಇನ್ನೊಂದು ಸುರುಳಿಯ ಮುಳ್ಳು ಅಲುಗಲೇಬೇಕು. ಊರ ಪರಿವರ್ತಕವೂ ಅಂಥದೇ. ಒಂದು ಕಡೆ 11,000 ವೋಲ್ಟು, ಇನ್ನೊಂದು ಕಡೆ ಒಂದೊಂದು ಸುರುಳಿಗೆ ಸುಮಾರು 250 ವೋಲ್ಟು ಬರುವಂತೆ ಅದನ್ನು ಸುತ್ತಿರುತ್ತಾರೆ. ಸುತ್ತುಗಳ ಪ್ರಮಾಣ 44ಕ್ಕೆ 1. ಮೇಲಿನಿಂದ ಬಂದುದನ್ನು 44ರಿಂದ ಭಾಗಿಸುವ ಈ ಸಾಧನ ಕೆಳಗಿನಿಂದ ಬಂದುದನ್ನು 44ರಿಂದ ಗುಣಿಸುತ್ತದೆ. ನಮ್ಮ ಜನರೇಟರಿನ 230 ವೋಲ್ಟು ಅದರ ಮೂಲಕ ಮೇಲೇರಿದರೆ ಹತ್ತು ಸಾವಿರ ವೋಲ್ಟನ್ನು ಮುಟ್ಟುತ್ತದೆ.

ವಿಭವ ಹೆಚ್ಚಿದಷ್ಟೂ ಪ್ರವಾಹ ಇಳಿಯಬೇಕಲ್ಲವೆ, ಆದುದರಿಂದ ಅಪಾಯ ಕಡಿಮೆಯಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಒಳ್ಳೆಯ ಪ್ರಶ್ನೆ. 8 ಆಂಪಿಯರ್ ಕೊಡುವ ಜನರೇಟರಿನ ಪ್ರವಾಹ 44ನೆಯ ಒಂದು ಪಾಲಿಗೆ ಇಳಿದರೂ 0.18 ಆಂಪಿಯರ್ ಉಳಿಯುತ್ತದೆ. ಎದೆಯ ಮೂಲಕ ಹರಿದರೆ 0.1 ಆಂಪಿಯರೇ ಹೃದಯದ ಬಡಿತವನ್ನು ಕೆಡಿಸಿ ಮನುಷ್ಯನನ್ನು ಕೊಲ್ಲಬಲ್ಲುದು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಸಣ್ಣ ಜನರೇಟರು ಊರಿನ ಭಾರವನ್ನೆಲ್ಲ ಹೊರಲಾರದೆ ಬಹುಮಟ್ಟಿಗೆ ಒಡನೆಯೇ ನಿಂತುಹೋಗುತ್ತದೆ. ಆದರೆ ತಂತಿ ಹತ್ತಿರದಲ್ಲೇ ತುಂಡಾಗಿದ್ದು, ಉಳಿದ ಮನೆಗಳು ಮೂರೋ ನಾಲ್ಕೋ ಆಗಿದ್ದರೆ ನಿಲ್ಲದೆಯೂ ಇರಬಹುದು. ತುಂಡಾದ ಆ ತಂತಿಯನ್ನೇ ಒಬ್ಬನು ಕೈಯಲ್ಲಿ ಹಿಡಿದಿರಬಹುದು. ಕೆಲಸಕ್ಕೆ ಮೊದಲು ಲೈನ್ ಕ್ಲಿಯರ್ ಪಡೆಯಬೇಕು, ತಂತಿಗಳನ್ನು ಪರೀಕ್ಷಿಸಿ ಭೂಮಿಗೆ ಜೋಡಿಸಬೇಕು ಎಂಬ ನಿಯಮಗಳು ಲೈನ್‌ಮನ್ನರಿಗೆ ಇವೆ, ನಿಜ. ಅವನು ಎಚ್ಚರವಾಗಿರುತ್ತಾನೆಂದು ನಂಬಿ ನಾವು ಎಚ್ಚರ ತಪ್ಪುವುದು ಯಾವ ನ್ಯಾಯ?

ಇಷ್ಟಕ್ಕೂ ಹಳ್ಳಿಯ ಮನೆಗೆ ಜನರೇಟರು ಬೇಕೆ? ಬಹುಪಾಲು ಮನೆಗಳಿಗೆ ಬೇಡವೆಂದೇ ನನ್ನ ಅಭಿಪ್ರಾಯ. ನಮ್ಮ ಮನೆಗೆ ಅದು ಬಂದದ್ದು ದೀಪಕ್ಕಾಗಿ ಅಲ್ಲ, ಪಂಪಿಗಾಗಿ. ಒಂದು ಅಶ್ವಶಕ್ತಿಯ ಪಂಪು ಚಾಲೂ ಆಗುವ ಕ್ಷಣದಲ್ಲಿ ತನ್ನ ವಾಡಿಕೆಯ ಪ್ರವಾಹದ ಹಲವು ಪಟ್ಟನ್ನು ಎಳೆಯುತ್ತದೆ; ಮನೆಯ ಸಾಧಾರಣ ಇನ್ವರ್ಟರು ಅದನ್ನು ತಾಳದು. ಆದರೆ ಆ ಪಂಪು ಮಾಡುವ ಕೆಲಸ ಎಷ್ಟೆಂದು ಲೆಕ್ಕ ಹಾಕಿ ನೋಡಿ. 10 ಮೀಟರ್ ಆಳದ ಬಾವಿಯಿಂದ 5 ಮೀಟರ್ ಎತ್ತರದ ಟ್ಯಾಂಕಿಗೆ 1000 ಲೀಟರ್ ನೀರನ್ನೇರಿಸಲು ಬೇಕಾದ ಕೆಲಸ 1,47,000 ಜೂಲು, ಎಂದರೆ 41 ವ್ಯಾಟ್-ಗಂಟೆ. ಒಂಬತ್ತು ವ್ಯಾಟಿನ ಎಲ್.ಇ.ಡಿ. ಬಲ್ಬೊಂದು ನಾಲ್ಕೂವರೆ ಗಂಟೆ ಉರಿಯಲು ತಿನ್ನುವಷ್ಟು! ಪಂಪು ಇದರ ಎರಡು ಮೂರು ಪಟ್ಟನ್ನು ವ್ಯಯ ಮಾಡಿದರೂ ಅಲ್ಪವೇ. ಇಷ್ಟು ಸಣ್ಣ ಕೆಲಸವನ್ನು ಕರೆಂಟು ಇರುವಾಗಲೇ ಮಾಡಿಸಿ ಇಡಬಾರದೇಕೆ? ಎರಡನೆಯ ಟ್ಯಾಂಕು ತುಂಬಿದ್ದರೆ ಮನೆಗೆ ಇನ್ನೂ ಕೆಲವು ದಿನದ ನೀರಾಯಿತು. ಅದಕ್ಕೆ ಆಮ್ಲ ಬೇಡ, ಸೀಸ ಬೇಡ, ಐದಾರು ವರ್ಷಕ್ಕೊಮ್ಮೆ ಬದಲಾಯಿಸಬೇಕಾಗಿಲ್ಲ. ವಿದ್ಯುತ್ತನ್ನು ಕೂಡಿಡುವುದಕ್ಕಿಂತ ವಿದ್ಯುತ್ತು ಮಾಡಿಕೊಟ್ಟ ಕೆಲಸವನ್ನು ಕೂಡಿಡುವುದು ಅಗ್ಗ.

ದೀಪಕ್ಕೆ ಬ್ಯಾಟರಿ ಸಾಕು. 12 ವೋಲ್ಟು, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಅಡಗಿರುತ್ತದೆ. ಅರ್ಧಕ್ಕಿಂತ ಹೆಚ್ಚಾಗಿ ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುವುದರಿಂದ 900 ಎಂದೇ ಎಣಿಸಬೇಕು. ಎರಡು ಎಲ್.ಇ.ಡಿ. ದೀಪಗಳಿಗೆ 18 ವ್ಯಾಟು. ಇನ್ವರ್ಟರು ತನಗಾಗಿ ತಿನ್ನುವುದನ್ನು ಕಳೆದರೂ ಒಂದು ಹಗಲು, ಒಂದು ರಾತ್ರಿ ಧಾರಾಳವಾಗಿ ಸಾಗುತ್ತದೆ; ಸಂಜೆ ಮಾತ್ರ ಬಳಸಿ, ಉಳಿದ ಹೊತ್ತು ಇನ್ವರ್ಟರನ್ನೇ ಆರಿಸಿಟ್ಟರೆ ನಾಲ್ಕು ದಿನವೂ ಸಾಗೀತು. ನಮ್ಮ ಮನೆಯ ಬ್ಯಾಟರಿಯನ್ನು ಕುಡಿದದ್ದು ದೀಪಗಳಲ್ಲ, ಟಿ.ವಿ.ಯ ಮುಂದೆ ಕುಳಿತವರು. ಅವರಲ್ಲಿ ನಾನೂ ಒಬ್ಬ.

ಆದರೂ ಕೆಲವರಿಗೆ ಜನರೇಟರು ಬೇಕೇ ಬೇಕು: ಮನೆಯಲ್ಲಿ ಯಂತ್ರದ ಆಸರೆಯಿಂದ ಉಸಿರಾಡುವ ರೋಗಿಯಿದ್ದಾರು, ಹಾಲು ಕೆಡದಂತೆ ಕಾಯಬೇಕಾಗಿದ್ದೀತು. ಅಂಥವರು ಚೇಂಜ್‌ಓವರ್ ಸ್ವಿಚ್ಚನ್ನು ಹಾಕಿಸಲೇಬೇಕು. ಅದರ ಹಿಡಿ ಒಂದು ಕಡೆಗಿದ್ದರೆ ಮನೆ ಬೀದಿಯ ತಂತಿಗೆ ಸೇರುತ್ತದೆ, ಇನ್ನೊಂದು ಕಡೆಗಿದ್ದರೆ ಜನರೇಟರಿಗೆ. ಎರಡಕ್ಕೂ ಏಕಕಾಲದಲ್ಲಿ ಸೇರುವುದು ಅದರ ರಚನೆಯಲ್ಲೇ ಸಾಧ್ಯವಿಲ್ಲ. “ನಾನು ಮೇನ್ ಸ್ವಿಚ್ಚು ತೆಗೆದೇ ಜನರೇಟರು ಹಾಕುತ್ತೇನೆ” ಎನ್ನುವವರಿದ್ದಾರೆ. ನೂರು ಸಲ ನೆನಪಿಟ್ಟವನು ನೂರೊಂದನೆಯ ಸಲ, ಕತ್ತಲೆಯಲ್ಲಿ, ಮಳೆಯಲ್ಲಿ, ಮಗು ಅಳುತ್ತಿರುವಾಗ ಮರೆಯುತ್ತಾನೆ. ಸ್ವಿಚ್ಚಿನ ಹಿಡಿಗೆ ಮರೆವಿಲ್ಲ. ಸರಿಯಾಗಿ ಜೋಡಿಸಿದ ಇನ್ವರ್ಟರಿನೊಳಗೆ ಈ ಏರ್ಪಾಟು ತಾನಾಗಿಯೇ ನಡೆಯುತ್ತದೆ. ಬೀದಿಯ ತಂತಿಗೆ ಜೋಡಿಸಿದ ಸೌರ ಫಲಕಗಳು ಕರೆಂಟು ಹೋದೊಡನೆ, ಬಿಸಿಲಿದ್ದರೂ, ಸುಮ್ಮನಾಗಿಬಿಡುವುದೂ ಈ ಕಾರಣಕ್ಕಾಗಿಯೇ. ಹಲವರು ಅದನ್ನು ದೋಷವೆಂದು ಬಗೆಯುತ್ತಾರೆ.

ಅಣ್ಣಯ್ಯನು ಓದದವನಲ್ಲ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಓದಿ ತೇರ್ಗಡೆಯಾದವನು. ಪರಿವರ್ತಕದ ಸಮೀಕರಣವನ್ನು ನನಗಿಂತ ಮೊದಲೇ ಬಾಯಿಪಾಠ ಮಾಡಿದವನು. ಆ ಸಮೀಕರಣದಲ್ಲಿ ಎಡಕ್ಕಿರುವುದನ್ನು ಬಲಕ್ಕಿಟ್ಟರೂ ಅದು ನಿಜವೇ ಎಂದು ಅವನಿಗೆ ಯಾರೂ ಹೇಳಲಿಲ್ಲ. ನಾನೂ ಹತ್ತು ವರ್ಷ ನನ್ನ ವಿದ್ಯಾರ್ಥಿಗಳಿಗೆ ಹೇಳಿರಲಿಲ್ಲ. ಪರೀಕ್ಷೆಯಲ್ಲಿ ಕೇಳುವುದಿಲ್ಲವೆಂಬುದೊಂದೇ ಕಾರಣ. ಈ ವರ್ಷದಿಂದ ಪ್ರಯೋಗಶಾಲೆಯಲ್ಲಿ ಒಂದು ಸಣ್ಣ ಪರಿವರ್ತಕವನ್ನು ತಿರುಗಿಸಿ ಜೋಡಿಸಿ ತೋರಿಸುತ್ತಿದ್ದೇನೆ. ಕೆಳಗಿನ ಸುರುಳಿಗೆ ಕೊಡುವುದು ಎರಡೇ ವೋಲ್ಟು, ಅದೂ ನನ್ನ ಕೈಯಿಂದಲೇ. ವಿದ್ಯಾರ್ಥಿಗಳು ದೂರದಲ್ಲಿ ನಿಂತು ಮೀಟರಿನ ಮುಳ್ಳನ್ನು ನೋಡುತ್ತಾರೆ. ಮುಳ್ಳು ಏರಿದಾಗ ಬೆಂಚುಗಳಲ್ಲಿ ಆಗುವ ಗುಜುಗುಜು ನನಗೆ ಹಿತವಾಗಿದೆ.

ಊರಿನ ಮನೆಯಲ್ಲಿ ಈಗ ಎರಡು ಟ್ಯಾಂಕುಗಳಿವೆ. ಪಡಸಾಲೆಯ ಗೋಡೆಯಲ್ಲಿ ಚೇಂಜ್‌ಓವರ್ ಸ್ವಿಚ್ಚೂ ಬಂದಿದೆ. ಅದರ ಹಿಡಿಯ ಒಂದು ಪಕ್ಕದಲ್ಲಿ “ಊರಿನದು”, ಇನ್ನೊಂದು ಪಕ್ಕದಲ್ಲಿ “ನಮ್ಮದು” ಎಂದು ಅಮ್ಮ ಸುಣ್ಣದಿಂದ ಬರೆಸಿದ್ದಾರೆ.