ದೊಡ್ಡ ಕ್ಯಾಮ್ ಎಂಬ ದೊಡ್ಡಸ್ತಿಕೆ

ಇದನ್ನು ಓದಿ ನನ್ನ ಜೊತೆ ಗಾಡಿ ಓಡಿಸುವ ಒಂದಿಬ್ಬರಾದರೂ ಮುನಿಸಿಕೊಳ್ಳುತ್ತಾರೆ ಅಂತ ಗೊತ್ತು. ಮುನಿಸಿಕೊಳ್ಳಲಿ ಬಿಡಿ. ಅಮೆರಿಕಕ್ಕೆ ಬಂದು ಹಾರ್ಲೆ-ಡೇವಿಡ್‌ಸನ್ ಕೊಂಡ ನಮ್ಮವರಲ್ಲಿ ಒಂದು ಕಾಯಿಲೆ ನೋಡ್ತಾ ಇದ್ದೀನಿ, ಹೇಳದೇ ಇರೋಕಾಗ್ತಿಲ್ಲ. ಮೊದಲ ವರ್ಷ ಸೈಲೆನ್ಸರ್ ಬದಲಾಯಿಸ್ತಾರೆ. ಎರಡನೇ ವರ್ಷ ಏರ್ ಫಿಲ್ಟರ್. ಮೂರನೇ ವರ್ಷ ಕ್ಯಾಮ್‌ಶಾಫ್ಟ್! ಅದೂ ಕ್ಯಾಟಲಾಗಿನಲ್ಲಿ ಇರೋದರಲ್ಲೇ ದೊಡ್ಡದು. ಯಾಕಪ್ಪಾ ಅಂದ್ರೆ, "ನೂರು ಹಾರ್ಸ್‌ಪವರ್ ಮುಟ್ಟಬೇಕು ಗುರೂ" ಅನ್ನುವ ಉತ್ತರ. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತು ಪರ್ಸೆಂಟ್ ದಾಟಲೇಬೇಕು ಅಂತ ಅಪ್ಪ ಬೈದದ್ದು ಇನ್ನೂ ಕಿವಿಯಲ್ಲಿ ಉಳಿದಿರಬೇಕು, ಪಾಪ :-)

ನನ್ನ ವಾದ ಇಷ್ಟೇ. ಕ್ರೂಸರ್ ಗಾಡಿಗೆ ಕ್ಯಾಮ್ ಆರಿಸುವಾಗ ಲಿಫ್ಟ್ ಎಷ್ಟು, ಎಚ್‌ಪಿ ಎಷ್ಟು ಅಂತ ಶುರುಮಾಡೋದೇ ತಪ್ಪು. ಮೊದಲು ಕೇಳಬೇಕಾದ್ದು, ಇನ್‌ಟೇಕ್ ವಾಲ್ವ್ ಯಾವಾಗ ಮುಚ್ಚುತ್ತೆ ಅಂತ.

ಯಂತ್ರದ ಗಂಧ ಇಲ್ಲದ ಮಿತ್ರರಿಗೆ ಒಂದಿಷ್ಟು ವಿವರಣೆ. ಕ್ಯಾಮ್‌ಶಾಫ್ಟ್ ಅಂದ್ರೆ ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ದಂಡ. ಅದು ತಿರುಗಿದಾಗ ಉಬ್ಬು ಪುಶ್‌ರಾಡನ್ನು ಮೇಲೆ ತಳ್ಳುತ್ತೆ, ಪುಶ್‌ರಾಡ್ ವಾಲ್ವನ್ನು ತೆರೆಸುತ್ತೆ. ನಮ್ಮ ಹಳೇ ಬುಲೆಟ್‌ನಲ್ಲೂ ಇದೇ ಏರ್ಪಾಡು. ನಾನು ಮಾತಾಡ್ತಾ ಇರೋದು ಹಾರ್ಲೆಯ ಟ್ವಿನ್ ಕ್ಯಾಮ್ ಎಂಜಿನ್ ಬಗ್ಗೆ. 1999ರ ಮಾಡೆಲ್‌ಗಳಲ್ಲಿ 88 ಕ್ಯೂಬಿಕ್ ಇಂಚಿನದಾಗಿ (1450 ಸಿಸಿ) ಬಂತು. ಆಮೇಲೆ 96 (1584 ಸಿಸಿ), ಆಮೇಲೆ 103 (1690 ಸಿಸಿ). 2017ರ ಮಾಡೆಲ್‌ಗಳ ನಂತರ ಅದರ ಜಾಗವನ್ನು ಒಂದೇ ಕ್ಯಾಮ್ ಇರುವ ಮಿಲ್ವಾಕಿ-ಏಯ್ಟ್ ಪೂರ್ತಿಯಾಗಿ ಹಿಡಿಯಿತು. ಆದರೆ ನಮ್ಮಂಥವರ ಕೈಗೆಟುಕುವ ಸೆಕೆಂಡ್‌ಹ್ಯಾಂಡ್ ಗಾಡಿಗಳಲ್ಲಿ ಟ್ವಿನ್ ಕ್ಯಾಮ್ ಇನ್ನೂ ಬೇಕಾದಷ್ಟಿದೆ.

ಈಗ ವಿಷಯಕ್ಕೆ ಬರೋಣ. ಪಿಸ್ಟನ್ ಕೆಳಗಿಳಿಯುವಾಗ ಗಾಳಿ-ಪೆಟ್ರೋಲಿನ ಮಿಶ್ರಣ ಒಳಗೆ ಬರುತ್ತೆ. ಪಿಸ್ಟನ್ ತಳ ಮುಟ್ಟಿದ ತಕ್ಷಣ ವಾಲ್ವ್ ಮುಚ್ಚುತ್ತೆ ಅಂದ್ಕೋಬೇಡಿ. ಪಿಸ್ಟನ್ ಮತ್ತೆ ಮೇಲೇರೋಕೆ ಶುರು ಮಾಡಿದ ಮೇಲೂ ಸ್ವಲ್ಪ ಹೊತ್ತು ತೆರೆದೇ ಇರುತ್ತೆ. ಕೆಲವು ಕ್ಯಾಮ್‌ಗಳಲ್ಲಿ ಕ್ರ್ಯಾಂಕ್ 25-30 ಡಿಗ್ರಿ ತಿರುಗುವಷ್ಟರಲ್ಲಿ ಮುಚ್ಚುತ್ತೆ, ದೊಡ್ಡ ಕ್ಯಾಮ್‌ಗಳಲ್ಲಿ 45-50 ಡಿಗ್ರಿ ಆಗುತ್ತೆ. ಎಂಜಿನ್ 5000 ಆರ್‌ಪಿಎಂನಲ್ಲಿ ಓಡ್ತಾ ಇದ್ರೆ ಇದು ಲಾಭ. ರಭಸದಿಂದ ನುಗ್ಗುವ ಗಾಳಿ ಆ ಹೆಚ್ಚುವರಿ ಸಮಯದಲ್ಲೂ ಸಿಲಿಂಡರ್ ತುಂಬ್ತಾನೇ ಇರುತ್ತೆ. ಆದರೆ 2500 ಆರ್‌ಪಿಎಂನಲ್ಲಿ ಗಾಳಿಗೆ ಆ ರಭಸ ಇಲ್ಲ. ಮೇಲೇರುವ ಪಿಸ್ಟನ್ ತಾನೇ ಎಳೆದುಕೊಂಡ ಮಿಶ್ರಣವನ್ನು ಬಂದ ದಾರಿಗೇ ವಾಪಸ್ ಉಗುಳುತ್ತೆ. ಟ್ವಿನ್ ಕ್ಯಾಮ್ 96ರ ಕಂಪ್ರೆಶನ್ ಕಂಪನಿ ಲೆಕ್ಕದಲ್ಲಿ 9.2ಕ್ಕೆ 1. ವಾಲ್ವ್ ತಡವಾಗಿ ಮುಚ್ಚಿದಷ್ಟೂ ಎಂಜಿನ್ನಿಗೆ ನಿಜವಾಗಿ ಸಿಗೋದು ಅದಕ್ಕಿಂತ ಕಡಿಮೆ. ಕನ್ನಡದಲ್ಲಿ ಹೇಳಬೇಕಂದ್ರೆ... ಪಿಕಪ್ ಸತ್ತುಹೋಗುತ್ತೆ.

ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಈ ಗಾಡಿ ಇರೋದು 2500ರಿಂದ 3000 ಆರ್‌ಪಿಎಂ ನಡುವೆ. ಮಿತಿ ಇರೋದೇ 5500ರ ಆಸುಪಾಸಿನಲ್ಲಿ. ನಿಜ ಹೇಳಿ, ಕಳೆದ ತಿಂಗಳು ನೀವು ಎಷ್ಟು ನಿಮಿಷ ಆ 5500ರಲ್ಲಿ ಇದ್ರಿ?

ಒಂದು ಸಣ್ಣ ಲೆಕ್ಕ ನೋಡಿ. ಪೌಂಡ್-ಅಡಿ ಲೆಕ್ಕದ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 5252ರಿಂದ ಭಾಗಿಸಿದರೆ ಎಚ್‌ಪಿ ಬರುತ್ತೆ. ಉದಾಹರಣೆಗೆ ಅಂತ ಎರಡು ಕ್ಯಾಮ್ ಇಟ್ಕೊಳ್ಳಿ. ಸಣ್ಣದು 2750ರಲ್ಲಿ 90 ಪೌಂಡ್-ಅಡಿ ಕೊಡುತ್ತೆ, ಅಂದ್ರೆ 47 ಎಚ್‌ಪಿ. 5500ರಲ್ಲಿ 80, ಅಂದ್ರೆ 84 ಎಚ್‌ಪಿ. ದೊಡ್ಡದು 2750ರಲ್ಲಿ 75 ಕೊಡುತ್ತೆ, 39 ಎಚ್‌ಪಿ. 5500ರಲ್ಲಿ 92, ಅಂದ್ರೆ 96 ಎಚ್‌ಪಿ. ಡೈನೋ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗೋದು 96. ದಿನಾ ರಸ್ತೆಯಲ್ಲಿ ನಿಮಗೆ ಸಿಗೋದು 39. ಎಂಟು ಎಚ್‌ಪಿ ಕಳ್ಕೊಳ್ಳೋಕೆ ಕೈಯಿಂದ ದುಡ್ಡು ಕೊಟ್ಟ ಹಾಗಾಯ್ತು!

ಇದು ಬರೀ ಕಾಗದದ ಲೆಕ್ಕ ಅಲ್ಲ. ನಮ್ಮ ಗುಂಪಿನ ಒಬ್ಬರು ತಮ್ಮ 96ರ ಟೂರಿಂಗ್ ಗಾಡಿಗೆ ಒಂದು ಅಂಗಡಿಯವರ ಮಾತು ಕೇಳಿ ದೊಡ್ಡ ಕ್ಯಾಮ್ ಹಾಕಿಸಿದ್ರು. ಪಿಸ್ಟನ್, ಹೆಡ್ ಎಲ್ಲ ಮೊದಲಿನದೇ. ನಾರ್ತ್ ಕೆರೊಲಿನಾದಲ್ಲಿ ಐ-40 ಹೆದ್ದಾರಿ ಓಲ್ಡ್ ಫೋರ್ಟ್ ದಾಟಿ ಬೆಟ್ಟ ಏರುತ್ತಲ್ಲ, ಅಲ್ಲಿ ಹಿಂದೆ ಹೆಂಡತಿ, ಎರಡೂ ಪಕ್ಕ ಲಗೇಜು, ಮುಂದೆ ತೆವಳುವ ಟ್ರಕ್ಕು. ಥ್ರಾಟಲ್ ತಿರುಗಿಸಿದ್ರೆ ಗಾಡಿ ಕೆಮ್ಮುತ್ತೆ ಅಷ್ಟೇ. ಎರಡು ಗೇರ್ ಇಳಿಸೋ ಹೊತ್ತಿಗೆ ಪಕ್ಕದ ಲೇನಿನಲ್ಲಿ ಇನ್ನೊಂದು ಟ್ರಕ್ಕು ಹಾರ್ನ್ ಹೊಡ್ಕೊಂಡು ಹತ್ತಿರವೇ ಬಂದಿತ್ತು. ಅವರ ಹಿಂದೆಯೇ ಬರ್ತಿದ್ದ ನನ್ನ ಎದೆ ಧಸಕ್ಕೆಂದಿತ್ತು. ಪಿಕಪ್ ಅನ್ನೋದು ಶೋಕಿಯಲ್ಲ ಸ್ವಾಮೀ, ಅಪಾಯದಿಂದ ಆಚೆ ಬರೋಕೆ ಬೇಕಾದ ಸಾಮಾನು. ಅಂಗಡಿಯವರನ್ನು ಕೇಳಿದ್ದಕ್ಕೆ ಬಂದ ಉತ್ತರ: "ಈ ಕ್ಯಾಮ್‌ಗೆ ಹೈ ಕಂಪ್ರೆಶನ್ ಪಿಸ್ಟನ್ ಬೇಕು, ಹೆಡ್ ಕೆಲಸ ಮಾಡಿಸಬೇಕು." ಈ ಮಾತನ್ನು ದುಡ್ಡು ತಗೊಳ್ಳೋ ಮುಂಚೆ ಯಾಕೆ ಹೇಳಲಿಲ್ಲ?

ಲಿಫ್ಟ್ ವಿಷಯವೂ ಅಷ್ಟೇ. ಎಸ್ ಅಂಡ್ ಎಸ್ ಕಂಪನಿಯ ಕ್ಯಾಮ್‌ಗಳಿಗೆ 510, 585 ಅಂತ ಹೆಸರಿದೆ. ಅದು ವಾಲ್ವ್ ಎಷ್ಟು ಮೇಲೇಳುತ್ತೆ ಅನ್ನೋ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ. ನಮ್ಮವರು ಅದನ್ನು ಪರೀಕ್ಷೆಯ ಅಂಕ ಅಂದ್ಕೊಂಡು 585ಕ್ಕೇ ಕೈ ಹಾಕ್ತಾರೆ. ಆ ಲಿಫ್ಟಿಗೆ ವಾಲ್ವ್ ಸ್ಪ್ರಿಂಗ್ ಬದಲಾಯಿಸಬೇಕು, ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಜಾಗ ಎಷ್ಟಿದೆ ಅಂತ ಅಳೆಯಬೇಕು. ಅದರ ಬದಲು ಆಂಡ್ರೂಸ್ 21ರಂಥ, ಬೇಗ ಮುಚ್ಚುವ ಕ್ಯಾಮ್ ಹಾಕಿದ್ರೆ ಹೆಡ್ ಮುಟ್ಟೋದೇ ಬೇಡ. ಆದರೆ 21 ಅನ್ನೋದು ಸಣ್ಣ ಸಂಖ್ಯೆ ನೋಡಿ, ಮರ್ಯಾದೆ ಕಡಿಮೆ!

"ಸೌಂಡ್ ಚೆನ್ನಾಗಿರುತ್ತೆ" ಅನ್ನೋರಿಗೂ ಒಂದು ಮಾತು. ಹಾರ್ಲೆಯ ಆ ಕುಂಟು ತಾಳ ಕ್ಯಾಮ್‌ನಿಂದ ಬಂದದ್ದಲ್ಲ. 45 ಡಿಗ್ರಿ ಕೋನದ ಎರಡು ಸಿಲಿಂಡರ್ ಒಂದೇ ಕ್ರ್ಯಾಂಕ್‌ಪಿನ್ ಹಂಚಿಕೊಂಡಿರೋದರಿಂದ 315 ಡಿಗ್ರಿಗೊಮ್ಮೆ, 405 ಡಿಗ್ರಿಗೊಮ್ಮೆ ಸಿಡಿಯುತ್ತೆ, ಅದರ ಸದ್ದು ಅದು. ದೊಡ್ಡ ಕ್ಯಾಮ್ ಅದರ ಮೇಲೆ ಸೇರಿಸೋದು ಓವರ್‌ಲ್ಯಾಪ್, ಅಂದ್ರೆ ಎರಡೂ ವಾಲ್ವ್ ಒಟ್ಟಿಗೇ ತೆರೆದಿರುವ ಹೊತ್ತು. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಡವರಿಸುತ್ತೆ, ಪೆಟ್ರೋಲ್ ವಾಸನೆ ಹೊಡೆಯುತ್ತೆ. ಇದನ್ನೇ ಸಂಗೀತ ಅಂತೀರಾದ್ರೆ ನನ್ನ ಅಭ್ಯಂತರ ಇಲ್ಲ.

ಇನ್ನೊಂದು ಮುಖ್ಯ ವಿಷಯ, ಕ್ಯಾಮ್ ಹುಚ್ಚಿನಲ್ಲಿ ಮರೆತೇ ಹೋಗಿದೆ. 1999ರಿಂದ 2006ರವರೆಗಿನ ಬಹುತೇಕ ಟ್ವಿನ್ ಕ್ಯಾಮ್‌ಗಳಲ್ಲಿ ಕ್ಯಾಮ್ ಚೈನನ್ನು ಬಿಗಿ ಹಿಡಿಯೋದು ಸ್ಪ್ರಿಂಗ್ ಟೆನ್ಷನರ್. ಅದರ ಪ್ಲಾಸ್ಟಿಕ್ ಶೂ ಸವೆದು, ಚೂರುಗಳು ಆಯಿಲ್ ಪಂಪಿಗೆ ಹೋದ್ರೆ ಎಂಜಿನ್ನಿನ ಕಥೆ ಮುಗೀತು. 2007ರಿಂದ ಕಂಪನಿಯೇ ಹೈಡ್ರಾಲಿಕ್ ಟೆನ್ಷನರ್ ಹಾಕಿತು. ಹಳೇ ಗಾಡಿ ಇದ್ದೋರು ಮೊದಲ ದುಡ್ಡನ್ನು ಇಲ್ಲಿ ಹಾಕಿ. ಇದರಿಂದ ಡೈನೋ ಹಾಳೆಯ ಮೇಲೆ ಒಂದು ಎಚ್‌ಪಿಯೂ ಏರಲ್ಲ, ಅದಕ್ಕೇ ಯಾರೂ ಇದರ ಜಂಬ ಕೊಚ್ಚಲ್ಲ.

ಕಾನೂನೂ ಇದೆ. ಕ್ಯಾಮ್ ಹಾಕಿದ ಮೇಲೆ ಇಂಧನದ ಟ್ಯೂನಿಂಗ್ ಬದಲಾಯಿಸಲೇಬೇಕು. 2016ರಲ್ಲಿ ಹೊಗೆ ನಿಯಮ ಮೀರುವ ಸುಮಾರು 3,40,000 ಟ್ಯೂನರ್ ಮಾರಿದ ಆರೋಪದ ಮೇಲೆ ಹಾರ್ಲೆ ಕಂಪನಿಯೇ ಅಮೆರಿಕ ಸರ್ಕಾರಕ್ಕೆ 1.2 ಕೋಟಿ ಡಾಲರ್ ದಂಡ ಕಟ್ಟೋಕೆ ಒಪ್ಪಿತ್ತು. ಕ್ಯಾಲಿಫೋರ್ನಿಯಾದಲ್ಲಿ ಇರೋರಂತೂ ಬಿಡಿಭಾಗಕ್ಕೆ ರಾಜ್ಯದ ಅನುಮತಿ ಸಂಖ್ಯೆ ಇದೆಯಾ ಅಂತ ನೋಡಿಯೇ ಕೊಳ್ಳಬೇಕು.

ಹಾಗಾದ್ರೆ ದೊಡ್ಡ ಕ್ಯಾಮ್ ಯಾರಿಗೂ ಬೇಡವಾ? ಬೇಕು. ದೊಡ್ಡ ಬೋರ್, ಹತ್ತೂವರೆಯ ಕಂಪ್ರೆಶನ್, ಪೋರ್ಟ್ ಕೆಲಸ ಆದ ಹೆಡ್, ಹಗುರ ಗಾಡಿ, 4000ದ ಮೇಲೇ ಓಡಿಸುವ ಸವಾರ, ಇವೆಲ್ಲ ಇದ್ರೆ ಹಾಕಿಸಿ, ಕೈ ಮುಗೀತೀನಿ. ಲಗೇಜು, ಹೆಂಡತಿ ಸೇರಿ ಐನೂರು ಕೆಜಿ ಎಳೆಯುವ ಗಾಡಿಗೆ ಬೇಗ ಮುಚ್ಚುವ ಸಣ್ಣ ಕ್ಯಾಮ್ ಸಾಕು. ಈಗಿರೋದರಲ್ಲೇ ತೃಪ್ತಿ ಇದ್ರೆ ಏನೂ ಹಾಕಬೇಡಿ, ಇನ್ನೂ ಒಳ್ಳೇದು.

ಅಂಗಡಿಗೆ ಹೋದ್ರೆ ಮೂರು ಪ್ರಶ್ನೆ ಕೇಳಿ. ನನ್ನ ಕಂಪ್ರೆಶನ್ನಿಗೆ ಈ ಕ್ಯಾಮ್ ಹೊಂದುತ್ತಾ? ಇನ್‌ಟೇಕ್ ಎಷ್ಟು ಡಿಗ್ರಿಗೆ ಮುಚ್ಚುತ್ತೆ? (ಹಾರ್ಲೆ ಲೋಕದಲ್ಲಿ ಇದನ್ನು 0.053 ಇಂಚು ಲಿಫ್ಟಿನಲ್ಲಿ ಅಳೀತಾರೆ. ಅಳತೆ ಬೇರೆಯಾದ್ರೆ ಹೋಲಿಕೆಗೆ ಅರ್ಥ ಇಲ್ಲ.) ಡೈನೋ ಹಾಳೆಯಲ್ಲಿ 2000ದಿಂದ 3500ರವರೆಗಿನ ಟಾರ್ಕ್ ಗೆರೆ ತೋರಿಸ್ತೀರಾ? ಮೂರನೇದಕ್ಕೆ ಅಂಗಡಿಯವನು ತಲೆ ಕೆರ್ಕೊಂಡ್ರೆ ಪರ್ಸು ಜೇಬಲ್ಲೇ ಇರಲಿ.

ಪೀಕ್ ಎಚ್‌ಪಿ ಅನ್ನೋದು ಗೋಡೆಗೆ ಅಂಟಿಸೋಕೆ ಚೆಂದ. ಬೆಟ್ಟ ಹತ್ತಿಸೋದು ಕೆಳಗಿನ ಟಾರ್ಕು. ಅಲ್ಲ ಅನ್ನೋರು ವಾದಕ್ಕೆ ಬನ್ನಿ, ನಾನು ಇಲ್ಲೇ ಇರ್ತೀನಿ. ಏನಂತೀರಿ?